ಷಡ್ಡಕನ ಸರಾಸರಿ

ಎಲ್ಲಕ್ಕೂ ಕಾರಣ ಒಂದು ಎ.ಸಿ. ಅದು ಇನ್ನೂ ದಾವಣಗೆರೆಯ ಹೆಡ್ಡಾಫೀಸಿನಲ್ಲಿ ರಟ್ಟಿನ ಡಬ್ಬಿಯೊಳಗೇ ಕೂತಿತ್ತು. ಯಾರಿಗೂ ಒಂದು ಉಸಿರು ತಂಪು ಗಾಳಿ ಕೊಟ್ಟಿರಲಿಲ್ಲ. ಆದರೆ ಅಷ್ಟರಲ್ಲೇ ಕೂಡ್ಲಿಗಿಯ ಗುರುಶಾಂತನ ಹೊಟ್ಟೆಯಲ್ಲಿ ಬೆಂಕಿ ಹಚ್ಚಿತ್ತು.

ಗುರುಶಾಂತ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರಲ್ಲೂ ಗೋಡೌನುಗಳು. ಮೆಕ್ಕೆಜೋಳ, ಸೂರ್ಯಕಾಂತಿ, ಸಜ್ಜೆಯ ಬೀಜದ ಚೀಲಗಳು ಮುಂಗಾರು ಬರುವವರೆಗೆ ಅಲ್ಲೇ ಮಲಗಿರಬೇಕು. ಬೀಜಕ್ಕೆ ಸೆಕೆ ಆಗಿಬರುವುದಿಲ್ಲ, ಕಾವು ಏರಿದರೆ ಮೊಳಕೆ ಬರುವುದಿಲ್ಲ. ಅದಕ್ಕೆಂದೇ ಪ್ರತಿ ಗೋಡೌನಿನ ಚಾವಣಿಗೆ ಶಾಖ ಅಳೆಯುವ ಒಂದು ಪುಟ್ಟ ಯಂತ್ರವನ್ನು ನೇತುಹಾಕಿದ್ದರು. ಅದು ಐದೈದು ನಿಮಿಷಕ್ಕೊಮ್ಮೆ ಒಂದು ಅಂಕಿಯನ್ನು ಕೂಡ್ಲಿಗಿಯ ಕಂಪ್ಯೂಟರಿಗೆ ಕಳಿಸುವುದು. ಗುರುಶಾಂತ ಬರೆದ ಪ್ರೋಗ್ರಾಮು ಅವನ್ನೆಲ್ಲ ಕೂಡಿಸಿ, ಭಾಗಿಸಿ ದಿನದ ಸರಾಸರಿ ತೆಗೆಯುವುದು.

ಕೇಳಲು ಸುಲಭ. ಆದರೆ ಆ ಯಂತ್ರಗಳಿಗೆ ಮನುಷ್ಯರ ಹಾಗೆಯೇ ಸುಳ್ಳು ಹೇಳುವ ಚಾಳಿ. ವೈರು ಸಡಿಲವಾದರೆ ‘ಮೈನಸ್ ನೂರಿಪ್ಪತ್ತೇಳು ಡಿಗ್ರಿ’ ಎನ್ನುತ್ತವೆ. ಕರೆಂಟು ಹೋಗಿ ಬಂತೋ, ಕಣ್ಣು ಬಿಟ್ಟ ಕೂಡಲೇ ‘ಎಂಬತ್ತೈದು’ ಎಂದು ಒಂದು ಸಲ ಒದರುತ್ತವೆ. ಸಿಗ್ನಲ್ಲು ಹೋದರೆ ಏನನ್ನೂ ಕಳಿಸದೆ ಸುಮ್ಮನಾಗುತ್ತವೆ, ಆ ಜಾಗ ಖಾಲಿ. ಆ ಖಾಲಿ ಜಾಗವನ್ನು ಹಾಗೇ ಕೂಡಿಸಲು ಹೋದರೆ ಹುಳಿ ಬಿದ್ದ ಹಾಲಿನಂತೆ ಇಡೀ ದಿನದ ಮೊತ್ತವೇ ಒಡೆದುಹೋಗಿ, ‘ಇದು ಅಂಕಿಯೇ ಅಲ್ಲ’ ಎಂದು ಕಂಪ್ಯೂಟರು ಕೈ ಎತ್ತಿಬಿಡುತ್ತದೆ. ಗುರುಶಾಂತ ಇದಕ್ಕೆಲ್ಲ ಒಂದು ನಿಯಮ ಬರೆದಿದ್ದ. ಸೊನ್ನೆಗಿಂತ ಕೆಳಗಿನದನ್ನೂ ಅರವತ್ತಕ್ಕಿಂತ ಮೇಲಿನದನ್ನೂ ಕಿತ್ತು ಬಿಸಾಕು, ಖಾಲಿ ಇದ್ದುದನ್ನು ಲೆಕ್ಕಕ್ಕೇ ಹಿಡಿಯಬೇಡ. ಕೂಡ್ಲಿಗಿಯಲ್ಲಿ ಹಿಮ ಬೀಳುವುದಿಲ್ಲ, ಒಲೆ ಇಲ್ಲದೆ ಅನ್ನ ಬೇಯುವುದಿಲ್ಲ ಎಂದು ಕಂಪ್ಯೂಟರಿಗೆ ಬುದ್ಧಿ ಕಲಿಸಿದವನು ತಾನು ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ. ಕೇಳಿದವರು ಹೌದೌದು ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಆ ಏಪ್ರಿಲ್ ಬೆಳಿಗ್ಗೆ ಹೆಡ್ಡಾಫೀಸಿನ ಸಾಹೇಬರಿಂದ ಎಲ್ಲ ಗೋಡೌನುಗಳಿಗೂ ಸಂದೇಶ ಬಂತು. ಕಂಪನಿ ಒಂದು ಎ.ಸಿ. ಕೊಂಡಿದೆ. ಇವತ್ತು ಬೆಳಿಗ್ಗೆಯಿಂದ ಸಂಜೆ ಐದರವರೆಗಿನ ಸರಾಸರಿ ಯಾವ ಗೋಡೌನಿನದು ಹೆಚ್ಚಿದೆಯೋ ಅದಕ್ಕೇ ಕೊಡುವುದು. ಲೆಕ್ಕ ಗುರುಶಾಂತ ಕಳಿಸಬೇಕು. ಕೂಡ್ಲಿಗಿಯಲ್ಲಿ ಆಫೀಸೂ ಗೋಡೌನೂ ಒಂದೇ ಹಾಲು, ಚೀಲಗಳ ಪಕ್ಕದಲ್ಲೇ ಗುರುಶಾಂತನ ಮೇಜು. ಎ.ಸಿ. ಬಂದರೆ ಬೀಜದ ಜೊತೆ ಅವನೂ ತಂಪಾಗಿರಬಹುದು. ಈ ಲೆಕ್ಕಾಚಾರದಲ್ಲಿ ಅವನು ರೊಟ್ಟಿ ಮುರಿಯುತ್ತಿದ್ದಾಗ ಹೆಂಡತಿ ಯಶೋಧಾ ಬಾಯಿ ಬಿಟ್ಟಳು.

“ಎ.ಸಿ. ಮಾಲಾನ ಗಂಡಗ ಬರತೈತಂತ. ಈಗರ ಫೋನ್ ಮಾಡಿದ್ಲು. ಅಲ್ಲಿ ಮ್ಯಾಲ ತಗಡು, ನಿಮ್ಮದು ಆರ್‌ಸಿಸಿ. ನಿಮಗೆಲ್ಲಿ ಬರಬೇಕು ಬಿಡ್ರಿ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅದೇ ಗುರುಶಾಂತನಿಗೆ ಹೆಚ್ಚು ಚುಚ್ಚಿತು.

ಮಾಲಾ ಯಶೋಧಾಳ ತಂಗಿ. ಅವಳ ಗಂಡ ಹುಲುಗೇಶ ಹರಪನಹಳ್ಳಿ ಗೋಡೌನು ನೋಡಿಕೊಳ್ಳುತ್ತಿದ್ದ. ಅಂದರೆ ಗುರುಶಾಂತನಿಗೆ ಷಡ್ಡಕ, ವಯಸ್ಸಿನಲ್ಲೂ ನೌಕರಿಯಲ್ಲೂ ಕಿರಿಯ. ಅವನನ್ನು ಕಂಪನಿಗೆ ಸೇರಿಸಿದವನೂ ಗುರುಶಾಂತನೇ. ನಮ್ಮ ತಮ್ಮ ಇದ್ದಂಗ ಅದಾನ ಎಂದು ಸಾಹೇಬರಿಗೆ ದುಂಬಾಲು ಬಿದ್ದಿದ್ದ. ಸೇರಿಸಿದ್ದೇ ತಡ, ಆ ತಮ್ಮ ಎಲ್ಲದರಲ್ಲೂ ಒಂದು ಹೆಜ್ಜೆ ಮುಂದೆ. ಇವನು ಫ್ರಿಜ್ಜು ಕೊಂಡರೆ ಅವನು ಎರಡು ಬಾಗಿಲಿನದು ಕೊಂಡ. ಇವನು ಮನೆಗೆ ಸುಣ್ಣ ಹೊಡೆಸಿದರೆ ಅವನು ಟೈಲ್ಸ್ ಹಾಕಿಸಿದ. ಈ ಯುಗಾದಿಗೆ ಕೊಟ್ಟೂರಿನ ಅತ್ತೆ ನಾಗಲಿಂಗಮ್ಮ ಇಬ್ಬರು ಅಳಿಯಂದಿರಿಗೂ ಹೋಳಿಗೆ ಬಡಿಸಿದ್ದರು. ಹುಲುಗೇಶನ ಎಲೆಗೆ ತುಪ್ಪದ ಸೌಟು ಬಗ್ಗಿದಷ್ಟು ತನ್ನ ಎಲೆಗೆ ಬಗ್ಗಲಿಲ್ಲ ಎಂಬುದನ್ನು ಗುರುಶಾಂತ ಕಣ್ಣಾರೆ ಕಂಡಿದ್ದ. ಹುಲುಗೇಶ ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನೋ ಕಂಡಾಗಲೆಲ್ಲ “ಅಣ್ಣಾರ” ಎಂದು ಕಾಲು ಮುಟ್ಟುವವನು. ಹಾಗಾಗಿ ಹೊಟ್ಟೆಕಿಚ್ಚನ್ನು ಪೂರ್ತಿ ಒಳಗೇ ಇಟ್ಟುಕೊಳ್ಳಬೇಕಾಗಿತ್ತು.

ಎ.ಸಿ.ಯೂ ಅವನಿಗೇ ಹೋದರೆ ಮುಂದಿನ ಹಬ್ಬಕ್ಕೆ ಕೊಟ್ಟೂರಿಗೆ ಕಾಲಿಡುವಂತಿಲ್ಲ ಎಂದುಕೊಂಡು ಗುರುಶಾಂತ ಆಫೀಸಿಗೆ ಹೊರಟ.

ಕುರ್ಚಿಯಲ್ಲಿ ಕೂತವನೇ ಹರಪನಹಳ್ಳಿಯ ಅಂಕಿ ತೆಗೆದ. ಬಿಸಿಲು ಇನ್ನೂ ಏರಿಯೇ ಇರಲಿಲ್ಲ, ಆಗಲೇ ಅದು ಕೂಡ್ಲಿಗಿಗಿಂತ ಮುಂದಿತ್ತು. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಹಿಂದೆ. ಅವುಗಳ ಚಿಂತೆ ಗುರುಶಾಂತನಿಗೆ ಇರಲಿಲ್ಲ, ಅಲ್ಲಿಯವರು ಯಾರೂ ಅವನ ಹೆಂಡತಿಯ ತಂಗಿಯನ್ನು ಮದುವೆಯಾಗಿರಲಿಲ್ಲ.

ಮೊದಲು ಅವನು ನ್ಯಾಯದ ದಾರಿಯನ್ನೇ ಹಿಡಿದ. ಕಿಟಕಿಗಳನ್ನೆಲ್ಲ ಹಾಕಿಸಿದ, ಫ್ಯಾನು ಆರಿಸಿದ. ಚೀಲ ಹೊರುವ ಉಚ್ಚಂಗೆಪ್ಪ ಇದೇನು ಎಂದು ಕೇಳಿದ್ದಕ್ಕೆ ಇಲಿ ಬರುತ್ತವೆ ಎಂದ. ಇಲಿ ಕಿಟಕಿಯಿಂದ ಬರುವುದನ್ನು ಉಚ್ಚಂಗೆಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ, ಆದರೂ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಗೆ ಹೋಗಿ ಕೂತ. ಬಿಲ್ಲು ಬರೆಯುವ ಕಹಕಶಾ ಸ್ವಲ್ಪ ಹೊತ್ತು ಸಹಿಸಿ, ಕುರ್ಚಿಯನ್ನು ಎತ್ತಿಕೊಂಡು ವರಾಂಡಕ್ಕೆ ನಡೆದಳು. ಒಳಗೆ ಬೇಯುತ್ತ ಉಳಿದವನು ಗುರುಶಾಂತ ಒಬ್ಬನೇ. ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಕೂಡ್ಲಿಗಿಯ ಸರಾಸರಿ ಮೂವತ್ತೆಂಟು ಡಿಗ್ರಿಯಲ್ಲಿ ನಿಂತಿತ್ತು, ಹರಪನಹಳ್ಳಿಯದು ನಲವತ್ತೊಂದಕ್ಕೆ ಹೋಗಿತ್ತು.

ಆಗ ಅವನ ಕಣ್ಣು ಖಾಲಿ ಜಾಗಗಳ ಮೇಲೆ ಬಿತ್ತು. ಷಡ್ಡಕನ ಸಾಲಿನಲ್ಲಿ ಸಿಗ್ನಲ್ಲು ಹೋದ ಖಾಲಿಗಳು ಬೇಕಾದಷ್ಟಿದ್ದವು. ಏನೂ ಬರಲಿಲ್ಲ ಎಂದರೆ ಸೊನ್ನೆ ಎಂದೇ ಹಿಡಿಯಬೇಕಲ್ಲವೇ, ಶಾಲೆಯಲ್ಲಿ ಪರೀಕ್ಷೆಗೆ ಹೋಗದವನಿಗೆ ಮಾಸ್ತರರು ಸರಾಸರಿ ನಂಬರು ಕೊಡುತ್ತಾರೆಯೇ ಎಂದು ತನಗೆ ತಾನೇ ವಾದಿಸಿ, ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿಸಿದ. ಹರಪನಹಳ್ಳಿ ಧಡಕ್ಕನೆ ಮೂವತ್ತೈದಕ್ಕೆ ಇಳಿಯಿತು. ಗುರುಶಾಂತ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. ತಿರುಗಿ ಬಂದು ನೋಡಿದರೆ ಕೂಡ್ಲಿಗಿ ಮೂವತ್ತೊಂದು. ಆರ್‌ಸಿಸಿ ಗೋಡೆಯೊಳಗೆ ಸಿಗ್ನಲ್ಲು ಅಲ್ಲಿಗಿಂತ ಹೆಚ್ಚು ಸಲ ಸತ್ತಿತ್ತು. ಸೊನ್ನೆಗಳನ್ನೆಲ್ಲ ಅಳಿಸಿ ಮೊದಲಿನ ಹಾಗೆ ಮಾಡಿದ. ಆಮೇಲೆ, ಖಾಲಿ ಇದ್ದಲ್ಲಿ ಹಿಂದಿನ ಅಂಕಿಯನ್ನೇ ಮತ್ತೆ ಬರೆದು ನೋಡಿದ. ಅದರಿಂದ ಯಾರಿಗೂ ಲಾಭವಾಗಲಿಲ್ಲ, ಷಡ್ಡಕ ಇದ್ದಲ್ಲೇ ಮೆರೆಯುತ್ತಿದ್ದ.

ಇದೇ ಹೊತ್ತಿಗೆ ಕರೆಂಟು ಒಂದು ಕ್ಷಣ ಹೋಗಿ ಬಂತು. ಕಂಪ್ಯೂಟರಿಗೆ ಯು.ಪಿ.ಎಸ್. ಇದ್ದದ್ದರಿಂದ ಅದು ಆರಲಿಲ್ಲ, ಯಂತ್ರ ಎಂದಿನಂತೆ ಕಣ್ಣು ಬಿಟ್ಟು ಎಂಬತ್ತೈದು ಎಂದು ಒದರಿತು. ಗುರುಶಾಂತನ ನಿಯಮ ಎಂದಿನಂತೆ ಅದನ್ನು ಕಿತ್ತು ಬಿಸಾಕಿತು. ಗುರುಶಾಂತನಿಗೆ ಮಾತ್ರ, ಬಾಗಿಲಿಗೆ ಬಂದ ಲಕ್ಷ್ಮಿಯನ್ನು ತಾನೇ ಕತ್ತು ಹಿಡಿದು ಹೊರಗೆ ದಬ್ಬಿದಂತೆ ಅನ್ನಿಸಿತು.

ಅರವತ್ತರ ಮಿತಿಯನ್ನು ತೆಗೆದುಹಾಕಿದ. ತೆಗೆದದ್ದೇ ಹರಪನಹಳ್ಳಿ ನಲವತ್ತಾರಕ್ಕೆ ಹಾರಿತು. ಅಲ್ಲಿ ಬೆಳಿಗ್ಗೆಯಿಂದ ಕರೆಂಟು ಹೋಗುತ್ತ ಬರುತ್ತ ಇತ್ತು, ಹೋಗಿ ಬಂದಾಗಲೆಲ್ಲ ಒಂದೊಂದು ಎಂಬತ್ತೈದು. ಕರೆಂಟು ಹೋದರೂ ಇವನಿಗೇ ಲಾಭವೇ ಎಂದು ಗುರುಶಾಂತನಿಗೆ ಅಳುವೇ ಬಂತು. ಕೊನೆಗೆ ನಿಯಮವನ್ನು ಹೀಗೆ ತಿದ್ದಿದ: ಅರವತ್ತರ ಮೇಲಿನದನ್ನು ಎಲ್ಲ ಊರಲ್ಲೂ ತೆಗೆದುಹಾಕು, ಕೂಡ್ಲಿಗಿ ಒಂದನ್ನು ಬಿಟ್ಟು. ಬರೆಯುವಾಗ ಬೆರಳು ಒಂದು ಸಲ ತಡೆಯಿತು. ಯುಗಾದಿಯ ಸೌಟು ನೆನಪಾದ ಮೇಲೆ ಸಲೀಸಾಗಿ ಓಡಿತು.

ಈಗ ಕೂಡ್ಲಿಗಿಗೆ ಎಂಬತ್ತೈದುಗಳು ಬೇಕಿದ್ದವು. ಎಂಬತ್ತೈದು ಬರಬೇಕಾದರೆ ಕರೆಂಟು ಹೋಗಬೇಕು. ಯಾವಾಗಲೂ ತೊಲಗುವ ಕರೆಂಟು ಆ ಮಧ್ಯಾಹ್ನ ಮನೆಯಳಿಯನಂತೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಗುರುಶಾಂತ ಎದ್ದು ಹೋಗಿ, ಮೂಲೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದ, ಹತ್ತು ಎಣಿಸಿ ಮೇಲಕ್ಕೆತ್ತಿದ. ಎಂಬತ್ತೈದು ಬಂತು. ಸರಾಸರಿ ಅರ್ಧ ಡಿಗ್ರಿ ಏರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದ.

ಆದರೆ ಆ ಕಟ್ಟಡದ ಮೂರು ಅಂಗಡಿಗಳಿಗೂ ಅದೊಂದೇ ಮೇನ್ ಸ್ವಿಚ್ಚು. ಪಕ್ಕದಲ್ಲಿ ಲಕ್ಷ್ಮಿದೇವಿಯ ಹಿಟ್ಟಿನ ಗಿರಣಿ. ಏಪ್ರಿಲ್ಲೆಂದರೆ ವರ್ಷದ ಕಾರಪುಡಿ ಮಾಡಿಸುವ ಕಾಲ, ಒಣಮೆಣಸಿನಕಾಯಿ ಚೀಲ ಹಿಡಿದ ಹೆಂಗಸರ ಸಾಲು ರಸ್ತೆಯವರೆಗಿತ್ತು. ಮೂರನೆಯ ಸಲ ಗಿರಣಿ ನಿಂತಾಗ ಕಲ್ಲಿನೊಳಗೆ ಕಾರ ಸಿಕ್ಕಿಕೊಂಡಿತು. ಹುಬ್ಬು, ರೆಪ್ಪೆಗಳೆಲ್ಲ ಕೆಂಪಾದ ಲಕ್ಷ್ಮಿದೇವಿ ಸೀನುತ್ತ ಒಳಗೆ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಸೀನುತ್ತ ಬಂದರು. ಕರೆಂಟು ಮೇಲಿನ ಲೈನಿನಿಂದಲೇ ಹೋಗುತ್ತಿದೆ, ತಾನೇನು ಮಾಡಲಿ ಎಂದ ಗುರುಶಾಂತ. ಅವರ ಮೈಮೇಲಿನ ಕಾರಕ್ಕೆ ತಾನೂ ಸೀನಲು ಶುರುಮಾಡಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಅವರು ಅತ್ತ ಹೋಗುತ್ತಲೇ ಇನ್ನೊಮ್ಮೆ ಎಳೆದ.

ಈ ಸಲ ಬಂದವನು ಆಚೆ ಪಕ್ಕದ ದಸ್ತಗಿರಿ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವನದು. ಯಾರ ಮನೆಯಲ್ಲಿ ಕರೆಂಟಿನ ತೊಂದರೆಯಾದರೂ ಕರೆಯದೆಯೇ ಹೋಗಿ ರಿಪೇರಿ ಮಾಡುವುದು ಅವನ ಗುಣ. ಅವನು ಟೆಸ್ಟರು, ಇಕ್ಕಳ, ಒಂದು ಸುತ್ತು ವೈರು ಎಲ್ಲ ಹಿಡಿದುಕೊಂಡೇ ಬಂದಿದ್ದ. ಬೇಡ, ತಾನಾಗಿಯೇ ಸರಿಹೋಗುತ್ತದೆ ಎಂದು ಗುರುಶಾಂತ ಸ್ವಿಚ್ಚಿಗೆ ಅಡ್ಡವಾಗಿ ನಿಂತ. ದಸ್ತಗಿರಿ ಅವನನ್ನು ಚೀಲದಂತೆ ಪಕ್ಕಕ್ಕೆ ಸರಿಸಿ, ಉಚ್ಚಂಗೆಪ್ಪನಿಂದ ಸ್ಟೂಲು ಹಿಡಿಸಿ ಮೇಲೆ ಹತ್ತಿದ. ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಮೂಸಿ ನೋಡಿ, ಇದರಲ್ಲಿ ದಮ್ಮೇ ಇಲ್ಲ ಎಂದು ತೀರ್ಪು ಕೊಟ್ಟ. ಲೈನನ್ನು ಸ್ವಿಚ್ಚಿಗೆ ಕೊಡದೆ ನೇರವಾಗಿ ಜೋಡಿಸಿ ಟೇಪು ಸುತ್ತಿ ಇಳಿದ.

“ಗುರುಶಾಂತಣ್ಣ, ಇನ್ನ ಫಿಕರ್ ಬಿಡ್ರಿ. ನೀವ ಬಂದ್ ಮಾಡ್ತೀನಿ ಅಂದ್ರೂ ಬಂದ್ ಆಗಂಗಿಲ್ಲ.”

ಚಹಾಕ್ಕೂ ನಿಲ್ಲದೆ ಅವನು ಹೊರಟುಹೋದ. ಗುರುಶಾಂತ ಸ್ವಿಚ್ಚನ್ನು ಎಳೆದು ನೋಡಿದ. ಟ್ಯೂಬ್‌ಲೈಟು ಕಣ್ಣು ಮಿಟುಕಿಸಲಿಲ್ಲ. ಪಕ್ಕದಲ್ಲಿ ಗಿರಣಿ ಹಾಡುತ್ತಲೇ ಇತ್ತು.

ಐದಕ್ಕೆ ಇನ್ನು ಸ್ವಲ್ಪವೇ ಹೊತ್ತು. ಕೂಡ್ಲಿಗಿ ನಲವತ್ತಕ್ಕೆ ಬಂದು ನಿಂತಿತ್ತು. ಹರಪನಹಳ್ಳಿ ನಲವತ್ತೊಂದರಿಂದ ಕದಲಿರಲಿಲ್ಲ. ಒಂದೇ ಡಿಗ್ರಿ. ಆ ಒಂದು ಡಿಗ್ರಿಯ ಆಚೆ ಹುಲುಗೇಶ ಎ.ಸಿ. ಕೆಳಗೆ ಕಾಲು ಚಾಚಿ ಕೂತಂತೆ, ಮಾಲಾ ಫೋನಿನಲ್ಲಿ ಯಶೋಧಾಳಿಗೆ ಅದನ್ನು ತೋರಿಸಿದಂತೆ, ಯಶೋಧಾ ರೊಟ್ಟಿ ಬಡಿಯುತ್ತ ಅಂದೆನಲ್ಲ ಎಂದಂತೆ ಗುರುಶಾಂತನ ಕಣ್ಣಿಗೆ ಕಟ್ಟಿತು. ಮೈಯೆಲ್ಲ ಉರಿಯಿತು, ಅದರಲ್ಲಿ ಸೆಕೆಯ ಪಾಲು ಕಡಿಮೆ.

ಹರಪನಹಳ್ಳಿಯ ಸಾಲನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದ. ಮಧ್ಯಾಹ್ನದಿಂದ ಅಲ್ಲಿನ ಯಂತ್ರದ ವೈರು ಸಡಿಲವಾಗಿತ್ತು. ಹತ್ತು ಹನ್ನೊಂದು ಕಡೆ ‘ಮೈನಸ್ ನೂರಿಪ್ಪತ್ತೇಳು’ ಬಂದಿತ್ತು. ನಿಯಮ ಅದನ್ನೆಲ್ಲ ನಿಷ್ಠೆಯಿಂದ ಕಿತ್ತು ಬಿಸಾಕಿತ್ತು. ತನ್ನ ಷಡ್ಡಕನನ್ನು ಇಷ್ಟು ಹೊತ್ತು ಕಾಪಾಡಿದ್ದು ತನ್ನದೇ ನಿಯಮ ಎಂದು ತಿಳಿದಾಗ ಗುರುಶಾಂತನಿಗೆ ಅದರ ಮೇಲಿದ್ದ ಹೆಮ್ಮೆ ಪೂರಾ ಹೋಯಿತು. ಸೊನ್ನೆಗಿಂತ ಕೆಳಗಿನದನ್ನು ತೆಗೆದುಹಾಕು ಎಂಬಲ್ಲಿ, ಹರಪನಹಳ್ಳಿ ಒಂದನ್ನು ಬಿಟ್ಟು ಎಂದು ಸೇರಿಸಿದ.

ಹರಪನಹಳ್ಳಿ ಇಪ್ಪತ್ಮೂರಕ್ಕೆ ಬಂತು. ಐದು ಊರುಗಳಲ್ಲಿ ಎಲ್ಲಕ್ಕಿಂತ ಕೆಳಗೆ. ಕೂಡ್ಲಿಗಿ ಎಲ್ಲಕ್ಕಿಂತ ಮೇಲೆ.

ಕುರ್ಚಿ ವಾಪಸು ಇಡಲು ಬಂದ ಕಹಕಶಾ ಪರದೆಯತ್ತ ಬಗ್ಗಿ ನೋಡಿದಳು. “ಸರ್, ಹರಪನಹಳ್ಳಿ ಇಪ್ಪತ್ಮೂರು ಹೆಂಗಾಗತೈತ್ರಿ? ಊಟಿ ಏನ್ರಿ ಅದು?”

“ಯಂತ್ರ ಹೇಳೈತಿ, ನಾನಲ್ಲ,” ಎಂದ ಗುರುಶಾಂತ, ಮತ್ತು ಲೆಕ್ಕವನ್ನು ಕಳಿಸಿಬಿಟ್ಟ. ಸಾಹೇಬರು ಮೇಲಿನ ಸಾಲನ್ನು ಮಾತ್ರ ನೋಡುವವರು, ಕೆಳಗಿನದು ಯಾರಿಗೆ ಬೇಕು ಎಂಬುದು ಅವನ ಧೈರ್ಯ.

ಕೂಡಲೇ ಯಶೋಧಾಳಿಗೆ ಫೋನು ಮಾಡಿ ಎ.ಸಿ. ನಮ್ಮದೇ ಎಂದ. ಅವ್ವನಿಗೆ ಹೇಳುತ್ತೇನೆ ಎಂದಳು ಅವಳು. ಆ ಒಂದು ಮಾತಿನಿಂದ ಗುರುಶಾಂತನ ವರ್ಷಗಳ ಉರಿಗೆ ಬೆಣ್ಣೆ ಹಚ್ಚಿದಂತಾಯಿತು. ಮಿರ್ಚಿ, ಮಂಡಕ್ಕಿ ತರಿಸಿದ. ದಸ್ತಗಿರಿಯನ್ನೂ ಲಕ್ಷ್ಮಿದೇವಿಯನ್ನೂ ಕರೆದ. ಕಿಟಕಿಗಳನ್ನೆಲ್ಲ ತೆಗೆಸಿ, ಫ್ಯಾನು ಹಾಕಿ, ಇನ್ನು ಮೇಲೆ ಮಧ್ಯಾಹ್ನ ಎಲ್ಲರೂ ಇಲ್ಲಿಗೇ ಬಂದು ತಂಪಾಗಿ ಕೂರಬಹುದು ಎಂದು ಆಹ್ವಾನವನ್ನೂ ಕೊಟ್ಟ. ಅಷ್ಟರಲ್ಲಿ ಸಾಹೇಬರ ಫೋನು ಬಂತು.

ಸಾಹೇಬರು ಒಳ್ಳೆಯ ಹುರುಪಿನಲ್ಲಿದ್ದರು. ಎ.ಸಿ. ಕೂಡ್ಲಿಗಿಗೆ ಎಂದು ತೀರ್ಮಾನವಾಗಿದೆ, ನಾಳೆ ಗಾಡಿ ಬರುತ್ತದೆ. ಅದು ಬಂದ ಮೇಲೆ ಉಳಿದ ನಾಲ್ಕೂ ಊರಿನ ಬೆಲೆಬಾಳುವ ಬೀಜವೆಲ್ಲ ಕೂಡ್ಲಿಗಿಗೇ ಬರುತ್ತದೆ. ಅಷ್ಟು ಮಾಲನ್ನು ನೋಡಿಕೊಳ್ಳಲು ಅಲ್ಲಿಗೊಬ್ಬ ಮ್ಯಾನೇಜರು ಬೇಕು. ಯಾರನ್ನು ಮಾಡುವುದೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ, ನಿಮ್ಮ ಇವತ್ತಿನ ಲೆಕ್ಕ ನೋಡಿದ ಮೇಲೆ ಬಗೆಹರಿಯಿತು ಎಂದರು.

ಗುರುಶಾಂತ ಬಾಯಲ್ಲಿದ್ದ ಮಿರ್ಚಿಯನ್ನು ನುಂಗಿ ನೆಟ್ಟಗೆ ನಿಂತ. ಅಂಗಿಯ ಗುಂಡಿ ಹಾಕಿಕೊಂಡ. ತನ್ನಿಂದಾದ ಸೇವೆ ಮಾಡುವುದಾಗಿ ಹೇಳಲು ಬಾಯಿ ತೆರೆದ.

“ಹುಲುಗೇಶನ್ನ ಮಾಡೀನಿ,” ಎಂದರು ಸಾಹೇಬರು. “ಇಂಥಾ ಬಿಸಿಲಾಗೆ, ತಗಡಿನ ಕೆಳಗೆ, ಎ.ಸಿ. ಇಲ್ಲದಂಗೆ ಇಪ್ಪತ್ಮೂರಕ್ಕೆ ಇಟ್ಟಾನಲ್ರೀ. ಬೀಜ ಹೆಂಗೆ ಇಡಬೇಕು ಅಂತ ಅವನಿಗೆ ಗೊತ್ತೈತೆ. ನೀವು ಆರ್‌ಸಿಸಿ ಕೆಳಗೆ ಕುಂತು ನಲವತ್ತು ಮಾಡೀರಿ.”

ಯಂತ್ರಗಳನ್ನು ನಂಬಲಾಗದು, ಒಮ್ಮೊಮ್ಮೆ ತಪ್ಪು ಅಂಕಿ ಕಳಿಸುತ್ತವೆ, ಇನ್ನೊಮ್ಮೆ ನೋಡುವುದು ಒಳ್ಳೆಯದೇನೋ ಎಂದು ಗುರುಶಾಂತ ತೊದಲಿದ.

“ಅದನ್ನೇ ನಾನೂ ಹುಲುಗೇಶನ್ನ ಕೇಳಿದೆ. ಏನಂದ ಗೊತ್ತಾ? ಲೆಕ್ಕ ಮಾಡೋರು ನಮ್ಮ ಅಣ್ಣಾರು, ತಪ್ಪು ಅಂಕಿನ ಅವರು ಒಳಗೇ ಬಿಡಂಗಿಲ್ಲ ಅಂದ. ಎಂಥಾ ಹುಡುಗ ನೋಡ್ರಿ. ಅಲ್ಲಾ, ತಪ್ಪು ಅಂಕಿ ಏನಾದ್ರೂ ಬಿಟ್ಟೀರಾ?”

ದಸ್ತಗಿರಿ, ಲಕ್ಷ್ಮಿದೇವಿ, ಉಚ್ಚಂಗೆಪ್ಪ ಮಿರ್ಚಿ ಕೈಯಲ್ಲೇ ಹಿಡಿದು ಅವನ ಮುಖ ನೋಡುತ್ತಿದ್ದರು. ಕಹಕಶಾ ಕಂಪ್ಯೂಟರು ನೋಡುತ್ತಿದ್ದಳು. ಬಿಟ್ಟಿದ್ದೇನೆ ಎಂದರೆ ಯಾಕೆ ಬಿಟ್ಟೆ ಎನ್ನುತ್ತಾರೆ. ಹರಪನಹಳ್ಳಿಗೆ ಮಾತ್ರ ಯಾಕೆ ಬಿಟ್ಟೆ ಎನ್ನುತ್ತಾರೆ. ಆಮೇಲೆ ಕೂಡ್ಲಿಗಿಯ ಎಂಬತ್ತೈದುಗಳೂ ಒಂದೊಂದಾಗಿ ಎದ್ದು ಬರುತ್ತವೆ. ನೌಕರಿಯೇ ಉಳಿಯುವುದಿಲ್ಲ.

“ಇಲ್ಲರಿ,” ಎಂದ ಗುರುಶಾಂತ.

ಸಾಹೇಬರಿಗೆ ಸಂತೋಷವಾಯಿತು. ಎ.ಸಿ.ಯ ಸುತ್ತ ಗಾಜಿನ ಗೋಡೆ ಕಟ್ಟಿಸುತ್ತೇವೆ, ಒಳಗೆ ಬೀಜ ಮತ್ತು ಮ್ಯಾನೇಜರ ಮೇಜು, ಪದೇ ಪದೇ ಬಾಗಿಲು ತೆಗೆದರೆ ತಂಪು ಹೋಗುವುದರಿಂದ ನಿಮ್ಮ ಮೇಜು ವರಾಂಡದಲ್ಲಿರಲಿ, ಎ.ಸಿ.ಯ ಬಿಸಿ ಗಾಳಿ ಬಿಡುವ ಡಬ್ಬಿಯನ್ನೂ ಆ ಕಡೆಗೇ ಕೂರಿಸುತ್ತಾರೆ ಎಂದು ಹೇಳಿ ಫೋನು ಇಟ್ಟರು.

ಗುರುಶಾಂತ ಕೂತುಕೊಳ್ಳುವ ಮೊದಲೇ ಮತ್ತೆ ಫೋನು ಬಂತು. ಈ ಸಲ ಹುಲುಗೇಶ. ಅವನ ದನಿ ಸಂತೋಷಕ್ಕೆ ನಡುಗುತ್ತಿತ್ತು. ಬೆಳಿಗ್ಗೆಯಿಂದ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದೆ, ನೆಲಕ್ಕೆ ನೀರು ಚಿಮುಕಿಸಿದ್ದೆ, ಆದರೂ ಒಳಗೆ ನಿಂತರೆ ಬೆವರೇ ಸುರಿಯುತ್ತಿತ್ತು, ಏನೂ ಉಪಯೋಗವಾಗಲಿಲ್ಲವೆಂದೇ ತಿಳಿದಿದ್ದೆ, ನೀವು ಲೆಕ್ಕ ಹಾಕಿ ಹೇಳಿದ ಮೇಲೆ ಗೊತ್ತಾಯಿತು ಎಂದ. ನಾಳೆಯೇ ಮಾಲಾಳನ್ನು ಕರೆದುಕೊಂಡು ಬರುತ್ತೇನೆ, ಬಾಡಿಗೆ ಮನೆ ಸಿಗುವವರೆಗೆ ನಿಮ್ಮ ಮನೆಯಲ್ಲೇ ಇರುತ್ತೇವೆ, ಅಕ್ಕನವರು ಹೂಂ ಅಂದಿದ್ದಾರೆ, ಕೂಲರಿರುವ ಕೋಣೆಯನ್ನೂ ಖಾಲಿ ಮಾಡುತ್ತಿದ್ದಾರೆ ಎಂದ. ಅತ್ತೆ ನಾಗಲಿಂಗಮ್ಮನೂ ಕೊಟ್ಟೂರಿನಿಂದ ಹೋಳಿಗೆ ಕಟ್ಟಿಕೊಂಡು ಬರುತ್ತಾರಂತೆ.

ಕೊನೆಯ ಮಾತನ್ನು ಹುಲುಗೇಶ ಸಂಕೋಚದಿಂದಲೇ ಹೇಳಿದ.

“ಅಣ್ಣಾರ, ಒಂದ ಮಾತು. ಮನ್ಯಾಗ ನೀವು ನನಗ ಏನ ಅಂದ್ರೂ ನಡಿತೈತಿ. ಆಫೀಸಿನ್ಯಾಗ ನಾಕ ಮಂದಿ ಮುಂದ ತಮ್ಮಾ ಅನಬ್ಯಾಡ್ರಿ. ಸಾಹೇಬ್ರು ಹೇಳ್ಯಾರ, ಮ್ಯಾನೇಜರ್ ಅಂದ್ರ ಒಂದು ಮರ್ಯಾದಿ ಇರಬೇಕಂತ.”

ಗುರುಶಾಂತ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಸುತ್ತಲಿದ್ದವರೆಲ್ಲ ಇನ್ನೂ ಅವನನ್ನೇ ನೋಡುತ್ತಿದ್ದರು.

“ಆಗಲ್ರಿ ಸರ್,” ಎಂದ.